ಉಪ್ಪುಮೂಟೆ

ನಮ್ಮ ಮನೆತನದ ಅಡ್ಡಹೆಸರು ಬ್ಯಾಡರ.
ಅಜ್ಜನ ಕಾಲಕ್ಕೇ ಬಂದೂಕು ಸರಕಾರದ ಪಾಲು,
ಉಳಿದದ್ದು ಹೆಸರು; ಅದನ್ನೂ ನಾನು
ಕುಳೆಂ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ
ರಸೀದಿಯ ಕೆಳಗೆ ಸಹಿ ಹಾಕಿ ಹಾಕಿ ಸವೆಸುತ್ತಿದ್ದೆ.
ಮ್ಯಾಂಗನೀಸು, ಬೊಂಬು, ಗೋಡಂಬಿ, ಒಣಮೀನು:
ತೂಗಿಸಿಕೊಳ್ಳದೆ ನನ್ನನ್ನು ಯಾವುದೂ ದಾಟಿದ್ದಿಲ್ಲ.

ದೋನ ಎಸ್ಪೆರಾನ್ಸಾ ಸತ್ತ ಗಂಡನ ರೈಫಲ್ಲನ್ನು
ಕಡ ಕೊಟ್ಟಳು, ಹಳೆಯ ಟವೆಲ್ಲಿನಲ್ಲಿ ಸುತ್ತಿ,
ನಿದ್ದೆಹೋದ ಕೂಸನ್ನು ಕೈ ಬದಲಾಯಿಸುವ ಹಾಗೆ.
ಐದು ತೋಟಾ. "ನಾಲ್ಕು ಸಾಕು, ಒಂದನ್ನು ವಾಪಸು ತಾ."
ಯಾಕೆಂದು ನಾನು ಕೇಳಲಿಲ್ಲ.

ನಳಿಗೆಯೊಳಗೆ ಮೂರು ಮಳೆಗಾಲದ ತುಕ್ಕು.
ಸಲಾಕೆಗೆ ಹೆಂಡತಿಯ ಹರಿದ ಇಳಕಲ್ ಸೆರಗು ಸುತ್ತಿ
ಮೊದಲು ಸೀಮೆಎಣ್ಣೆ, ಆಮೇಲೆ ಕೊಬ್ಬರಿಎಣ್ಣೆ.
ಎಳೆದಷ್ಟೂ ಕೆಂಪು, ಎಳೆದಷ್ಟೂ ಕೆಂಪು,
ಐದನೆಯ ದಿನ ಬಟ್ಟೆ ಬೆಳ್ಳಗೆ ಹೊರಬಂತು.
ಹಿತ್ತಿಲ ಕಡೆ ಹಿಡಿದು ಇಣುಕಿದೆ: ಸುರುಳಿ ಸುರುಳಿ ಬೆಳಕು,
ಅದರ ತುದಿಗೆ ಹಲಸಿನ ಮರ, ಗುರಿಗೆಂದು ಕಟ್ಟಿದ ಡಬ್ಬಿ,
ಡಬ್ಬಿಯ ಪಕ್ಕ ನನ್ನ ಮಗಳು ದ್ಯಾಮವ್ವ.
ತೋಟಾ ಇರಲಿಲ್ಲ, ಕುದುರೆಯೂ ಇರಲಿಲ್ಲ ಬಂದೂಕಿಗೆ;
ಆದರೂ ಕೈ ತೊಳೆದುಕೊಂಡು ಬಂದೆ.

ಪುತ್ತು ವೇಳಿಪ್ ಬಂದೂಕನ್ನು ನೋಡಲೇ ಇಲ್ಲ.
ನನ್ನ ಹೊಟ್ಟೆ ನೋಡಿದ. ಮೀನಖಂಡ ಒತ್ತಿ ನೋಡಿದ.
"ಹೊಡೆಯೋದು ಒಂದು ಚಣ. ಹೊರೋದು?"
ಕಡವೆ ಬೀಳುವುದು ಯಾವಾಗಲೂ ಇಳಿಜಾರಿನ ತಳದಲ್ಲಂತೆ,
ದಾರಿ ಇರುವುದು ಯಾವಾಗಲೂ ಮೇಲಂತೆ.
ಹೊರಲಾಗದ್ದನ್ನು ಹೊಡೆದು ಬಿಟ್ಟುಬಂದವನಿಗೆ
ಅವನ ವಾಡೆಯಲ್ಲಿ ನೀರು ಕೊಡುವುದಿಲ್ಲವಂತೆ.

ಹಾಗೆ ಶುರುವಾಯಿತು. ಸೋಪು ಬಿಟ್ಟೆ. ಬೀಡಿ ಬಿಟ್ಟೆ.
ಕೊನೆಯ ಗಾಡಿ ಘಾಟಿ ಹತ್ತಿದ ಮೇಲೆ
ಶೆಡ್ಡಿನಲ್ಲಿ ಯಾರೂ ಬಿಡಿಸಿಕೊಳ್ಳದ ಉಪ್ಪಿನ ಮೂಟೆಯನ್ನು
ಬೆನ್ನಿಗೇರಿಸಿ, ಬರಿಗಾಲಲ್ಲಿ,
ಗುಡ್ಡ ಇಳಿಯುವುದು, ಹತ್ತುವುದು.
ಹೆಂಡತಿ ನಕ್ಕಳು: "ಬ್ಯಾಟಿಗೆ ಹೊಂಟೀರೋ,
ಹಮಾಲಿ ಕಲಿಯಾಕ ಹೊಂಟೀರೋ?"
ಮಗಳು ಅಂಗಳದಲ್ಲಿ ಕಾದಿರುತ್ತಿದ್ದಳು,
"ಅಪ್ಪಾ, ಈಗ ನನ್ನ ಉಪ್ಪುಮೂಟಿ."
ಅವಳನ್ನು ಹೊತ್ತರೆ ತೂಕವೇ ಇಲ್ಲ,
ಎದೆಬಡಿತ ಮಾತ್ರ, ನನ್ನ ಬೆನ್ನಿನೊಳಕ್ಕೆ.

ಉಸಿರನ್ನು ಅರ್ಧಕ್ಕೆ ನಿಲ್ಲಿಸುವುದು ಕಲಿತೆ.
ಬೆರಳು ಎಳೆಯಬಾರದು, ಹಿಂಡಬೇಕು.
ನಿಂಬೆಹೋಳು ಹಿಂಡಿದಂತಲ್ಲ ಎಂದ ಪುತ್ತು,
ಕೂಸಿನ ಮೂಗು ಹಿಂಡಿದಂತೆ.

ಹನ್ನೊಂದನೆಯ ಬೆಳಗು. ಡಿಸೆಂಬರಿನ ಇಬ್ಬನಿ.
ದಾರಿಯುದ್ದಕ್ಕೂ ಒಂದು ಬಿಳಿಯ ಗೆರೆ, ಅಲ್ಲಲ್ಲಿ ಕಡಿದು.
ಮೂಟೆಯ ಮೂಲೆಯಲ್ಲಿ ಇಲಿ ಮಾಡಿದ ತೂತು.
ಗೆರೆ ಕಡಿದಲ್ಲೆಲ್ಲ ಮಣ್ಣು ನುಣ್ಣಗೆ, ಕುಳಿಬಿದ್ದು,
ನೆಕ್ಕಿದ್ದು.
ನನ್ನ ಹೆಜ್ಜೆಯ ಮೇಲೇ ಕೂತ ಗೊರಸು,
ನಡುವೆ ಸೀಳು, ನನ್ನ ಅಂಗೈಗಿಂತ ಕೊಂಚ ಚಿಕ್ಕದು.
ಅದನ್ನು ಹೊರುವುದನ್ನು ನಾನು ಕಲಿಯುತ್ತಿದ್ದಾಗ
ತಳದ ಹಳ್ಳದಿಂದ ನಮ್ಮ ಬೇಲಿಯವರೆಗೆ
ಅದು ನನ್ನ ಹಿಂದೆ ಬರುತ್ತಿತ್ತು, ದಿನಾ ರಾತ್ರಿ.

ಇದಕ್ಕಿಂತ ಸಲೀಸು ಬೇಟೆ ಇಲ್ಲ.
ಗಾಳಿ ನೋಡಿಕೊಂಡು ಬೇಲಿ ಮಗ್ಗುಲಿಗೆ ಕೂತರಾಯಿತು.

ಶನಿವಾರ ಪುತ್ತು ಬಂದ, ತಯಾರಾ ಎಂದ.
ಬಂದೂಕು ತಯಾರಿತ್ತು. ಕಾಲು ತಯಾರಿದ್ದವು.
ದಬ್ಬಣ, ಸುತಳಿ ಹಿಡಿದು ನಾನು ಮೂಟೆಯ ಮುಂದೆ ಕೂತಿದ್ದೆ,
ಹೊಲಿದಿರಲಿಲ್ಲ.
ತೂಗಿ ನೋಡಿದ್ದೆ: ಹದಿನಾಲ್ಕು ಸೇರು ಕಡಿಮೆ.
ರಿಜಿಸ್ಟರಿನಲ್ಲಿ ಯಾರ ಹೆಸರಿಗೆ ಬರೆಯಲಿ?
ಅವನು ಮೂಟೆ ನೋಡಿದ. ದಾರಿ ನೋಡಿದ.
ತುಂಬ ಹೊತ್ತು ಏನೂ ಹೇಳದೆ
ಕಿವಿಯ ಮೇಲಿಂದ ಬೀಡಿ ತೆಗೆದು ಕೊಟ್ಟ.
ಸೇದಿದೆ,
ಹೊಗೆ ಇಳಿಜಾರಿನ ತಳ ಮುಟ್ಟುವ ತನಕ.